ಅಳಿಯ ನಮ್ಮವನು, ಗಡುವು ಸರ್ಕಾರದ್ದು

ನವಲಿಯ ಬಾಷಾಬಿಗೆ ಅಳಿಯ ಬಂದ ಸಂತೋಷ ಬಹಳ ದಿನ ಉಳಿಯಲಿಲ್ಲ. ಅಳಿಯ ಮೌಲಾಸಾಬ ದೇಶ ಎರಡಾಗುವ ಮೊದಲೇ ಕರಾಚಿಯ ಬಂದರಿಗೆ ದುಡಿಯಲು ಹೋದವನು. ನಡುವೆ ಗಡಿ ಬಿದ್ದು ಅಲ್ಲೇ ಸಿಕ್ಕಿಕೊಂಡ. ಈಗ, ನಲವತ್ತೊಂಬತ್ತರ ಸುಗ್ಗಿಯಲ್ಲಿ, ಹೆಂಡತಿ ಫಾತಿಮಾಬೀಯ ಮುಖ ನೋಡಲು ತಾತ್ಕಾಲಿಕ ಪರ್ಮಿಟ್ ಮೇಲೆ ಬಂದಿದ್ದ. ಅದರ ಗಡುವು ಮುಗಿಯುತ್ತ ಬಂದಿತ್ತು. ಮುಂದೇನು? ಊರಲ್ಲಿ ಬಾಯಿಗೊಂದು ಮಾತು.

ಊರ ಹಿರಿಯ ಹುಲಿಗೆಪ್ಪ ಮೀಸೆ ತಿರುವಿದ. "ಯಾಕ ಅಂಜತಿ ಬಾಷಾಬಿ? ಮೌಲಾಸಾಬ ನಿಮ್ಮ ಮನಿಅಳಿಯ ಅಂತ ದೈವದ ಮುಂದ ರುಮಾಲು ಸುತ್ತೀವಿ. ದೈವ ಇಟಗೊಂಡಾಂವನ್ನ ಕಳಸಾಂವ ಯಾಂವ?"

ಊರ ಹಿರಿಯರು ಕೂಡಿದ ಸಭೆಗೆ ಇಲ್ಲಿ ದೈವ ಎನ್ನುತ್ತಾರೆ. ಅದರ ಮಾತು ಮೀರಿದವರನ್ನು ಬಾಷಾಬಿ ಕಂಡಿರಲಿಲ್ಲ. ಅಳಿಯನನ್ನು ಕಳಿಸುವುದೇ ಇಲ್ಲವೆಂದು ಮನಸ್ಸು ಗಟ್ಟಿ ಮಾಡಿದಳು.

ಆಗ ಬಂದಳು ಪಕ್ಕದ ಮನೆಯ ಗಾಳೆಮ್ಮ. ಅವಳ ಅಣ್ಣ ವೆಂಕೋಬ ಗಂಗಾವತಿಯ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಅವನನ್ನು ಕೇಳಿಕೊಂಡೇ ಬಂದಿದ್ದಳು.

"ಅಕ್ಕಾ, ದೈವ ಕೊಟ್ಟದ್ದು ಮನ್ಯಾಗಿನ ಜಾಗ. ದೇಶದಾಗ ಇರಬೇಕಂದ್ರ ಸರ್ಕಾರದ ಒಪ್ಪಿಗಿ ಬೇಕು. ಗಡುವು ದಾಟಿ ಕುಂತ್ರ ಹಿಡದು ಗಡಿ ದಾಟಸ್ತಾರ."

"ಹಂಗಾರ ನನ್ನ ಮಗಳನ್ನೂ ಅವನ ಕೂಡ ಕಳಸ್ಲೇನ?"

"ಅದೂ ಒಂದು ದಾರಿ. ಆದ್ರ ಹೋದ ಮ್ಯಾಲ ಹೊಳ್ಳಿ ಬರಾಕ ಆಕಿಗೂ ಪರ್ಮಿಟ್ ಬೇಕಾಕ್ಕೈತಿ. ಅವಸರ ಮಾಡಬ್ಯಾಡ."

"ಗಡುವು ಬೆಳಸ್ರಿ ಅಂತ ಕೇಳಿದ್ರ?"

"ಗಡುವು ಮುಗಿಯೂ ಮೊದಲ ಕೇಳಬೌದು. ಕೊಟ್ರೂ ಅದು ನಾಕು ದಿನದ ಮಾತು. ಖಾಯಂ ಹೊಳ್ಳಿ ಬರೂ ಪರ್ಮಿಟ್ಟ ಬ್ಯಾರೆ. ಅಂವ ಕರಾಚಿಗೆ ಹೋಗಿ, ಅಲ್ಲಿರೂ ನಮ್ಮ ಸರ್ಕಾರದ ಕಚೇರ್ಯಾಗ, ಹೆಂಡ್ತಿ ಇಲ್ಲೇ ಅದಾಳ ಅಂತ ಹೇಳಿ ಅರ್ಜಿ ಕೊಡಬೇಕು."

ಬಾಷಾಬಿಯ ತಲೆ ಗಿರ್ರೆಂದಿತು. "ಇಲ್ಲಿ ಇರಬೇಕಂದ್ರ ಅಲ್ಲಿಗೆ ಹೋಗಬೇಕಂತ! ಇದೆಂಥಾ ಕಾಯ್ದೆವಾ ಗಾಳೆಮ್ಮಾ? ಇನ್ನೊಮ್ಮೆ ಹೇಳು."

ಗಾಳೆಮ್ಮ ಇನ್ನೊಮ್ಮೆ ಹೇಳಿದಳು. ಬಾಷಾಬಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. "ಆ ಪರ್ಮಿಟ್ ಕೊಟ್ಟ ಕೊಡ್ತಾರೇನ?"

ಗಾಳೆಮ್ಮ ಸುಳ್ಳು ಹೇಳಲಿಲ್ಲ. "ನಮ್ಮಣ್ಣನೂ ಹಂಗಂತ ಖಾತ್ರಿ ಕೊಡಲಿಲ್ಲ. ಆದ್ರ ಕದ್ದು ಉಳದ್ರ ಕೇಳೂ ಬಾಯಿನ ಹೋಗತೈತಿ."

ಅಷ್ಟು ಹೊತ್ತು ಬಾಗಿಲಿಗೆ ಒರಗಿ ನಿಂತಿದ್ದ ಫಾತಿಮಾಬೀ ಬಾಯಿ ಬಿಟ್ಟಳು. "ಅಮ್ಮಾ, ಬಚ್ಚಿಟಗೊಂಡ್ರ ಬಾಗಲಾ ಬಡದಾಗೊಮ್ಮೆ ನಾ ಸಾಯಬೇಕು. ಅವರು ಹೋಗಿ ಕೇಳ್ಲಿ. ನಾ ಇಲ್ಲೇ ಕಾಯ್ತೀನಿ." ಮೂಲೆಯಲ್ಲಿ ಕುಳಿತಿದ್ದ ಮೌಲಾಸಾಬ ತಲೆ ತಗ್ಗಿಸಿ ಹೂಂ ಎಂದ. ಬಾಷಾಬಿ ಎದ್ದು ಅಳಿಯನ ದಾರಿಬುತ್ತಿಗೆ ರೊಟ್ಟಿಯ ಹಿಟ್ಟು ತೆಗೆದಳು.

ಗಡುವಿಗೆ ಇನ್ನೂ ದಿನವಿರುವಾಗಲೇ ಎಲ್ಲರೂ ಗಂಗಾವತಿಗೆ ಹೋದರು. ವೆಂಕೋಬ ಗಾಳೆಮ್ಮ ಹೇಳಿದ್ದನ್ನೇ ಹೇಳಿದ. ಹುಲಿಗೆಪ್ಪನೇ ಅಳಿಯನ ಗಂಟು ಹೊತ್ತು ಬಸ್ಸಿನವರೆಗೆ ಬಂದ. ಮೆಟ್ಟಿಲ ಮೇಲೆ ಕಾಲಿಟ್ಟ ಮೌಲಾಸಾಬ ಹೆಂಡತಿಯನ್ನು ನೋಡುತ್ತ ನಿಂತುಬಿಟ್ಟ. ಬಾಷಾಬಿ ಅವನ ಬೆನ್ನಿಗೆ ಕೈಕೊಟ್ಟು ಒಳಗೆ ನೂಕಿದಳು. "ಹತ್ತಪಾ. ನೀ ಇಲ್ಲೇ ಇರಬೇಕಂತನ ಕಳಸಾಕತ್ತೀನಿ." ಬಸ್ಸು ಮರೆಯಾದ ಮೇಲೆ ಅಲ್ಲೇ ಕುಳಿತು ಅತ್ತಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಗಂಡನೋ ಹೆಂಡತಿಯೋ ತಾತ್ಕಾಲಿಕ ಪರ್ಮಿಟ್ ಮೇಲೆ ಬಂದಿದ್ದರೆ ಕಟ್ಟೆಯ ಮಾತು ನಂಬಿ ಕೂರಬೇಡಿ. ಗಡುವು ಮುಗಿಯುವ ಮೊದಲೇ ಇಬ್ಬರೂ ಕೂಡಿ ಸರ್ಕಾರಿ ಕಚೇರಿಗೆ ಹೋಗಿ, ಇದ್ದದ್ದು ಇದ್ದ ಹಾಗೆ ಹೇಳಿ. ತಿಳಿಯದಿದ್ದರೆ ನಾಚದೆ ಮತ್ತೊಮ್ಮೆ ಕೇಳಿ. ನಿಮ್ಮವರನ್ನು ಬಚ್ಚಿಟ್ಟು ಕಳೆದುಕೊಳ್ಳಬೇಡಿ.