ಕೆಮಿಕಲ್ ಹಾಕದ ಮಾಲು

ರೋಗಾಣು ಪರೀಕ್ಷೆಯ ಪ್ಲೇಟಿನ ಮುಚ್ಚಳ ತೆಗೆಯುವ ಮುಂಚೆಯೇ ಬಣ್ಣ ಕಂಡಿತು. ಹಸಿರು. ಅಲ್ಲಿ ಯಾವ ಬಣ್ಣವೂ ಇರಬಾರದಿತ್ತು.

ನಾನು ಗೌರಿ. ಪೀಣ್ಯದಲ್ಲಿ ಮುಖಕ್ಕೆ ಹಚ್ಚುವ ಸೀರಂ ಮಾಡುವ ಸಣ್ಣ ಫ್ಯಾಕ್ಟರಿಯೊಂದರ ಲ್ಯಾಬ್ ನೋಡಿಕೊಳ್ಳುವವಳು. ಕೆಲಸದವರೆಲ್ಲ ನನ್ನ ಬೆನ್ನ ಹಿಂದೆ ಪೊಲೀಸ್ ಮೇಡಂ ಅನ್ನುತ್ತಾರೆ. ಅನ್ನಲಿ. ತಲೆಗೆ ಟೋಪಿ ಹಾಕದೆ ಟ್ಯಾಂಕಿನ ಹತ್ತಿರ ಬಂದವರನ್ನು ಮುದ್ದು ಮಾಡಲು ನನಗೆ ಸಂಬಳ ಕೊಡುವುದಿಲ್ಲ.

ನಮ್ಮ ಸೀರಂನ ಜೀವಾಳ ಹಯಾಲುರಾನಿಕ್ ಆಸಿಡ್. ಹೆಸರು ಕೇಳಿಯೇ ಹೆದರುವವರಿದ್ದಾರೆ, ಆದರೆ ಅದು ಸುಡುವ ಆಸಿಡ್ ಅಲ್ಲ. ನಮ್ಮ ಚರ್ಮದೊಳಗೇ ಇದ್ದು ನೀರು ಹಿಡಿದಿಡುವ ವಸ್ತು. ಮೊದಲು ಹುಂಜದ ಜುಟ್ಟಿನಿಂದ ತೆಗೆಯುತ್ತಿದ್ದರು. ಈಗ ಒಂದು ಬಗೆಯ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಉಣ್ಣಿಸಿ, ಅದು ಬಿಟ್ಟ ಲೋಳೆಯನ್ನು ಸೋಸಿ, ಸ್ಪಿರಿಟ್ಟಿನಲ್ಲಿ ಬೇರ್ಪಡಿಸಿ, ಒಣಗಿಸಿ ಪುಡಿ ಮಾಡುತ್ತಾರೆ. ನಮಗೆ ಬರುವುದು ಆ ಬಿಳಿ ಪುಡಿ. ಅದನ್ನು ಶುದ್ಧ ನೀರಿಗೆ ಸ್ವಲ್ಪಸ್ವಲ್ಪವೇ ಉದುರಿಸುತ್ತ ಕಲಕಬೇಕು, ಒಮ್ಮೆಲೇ ಸುರಿದರೆ ಬರೀ ಗಂಟು. ಆ ಕೆಲಸ ಯಾದಗಿರಿ ಕಡೆಯ ಬಸಕ್ಕನದು. ದಿನಾ ಕಡಲೆಹಿಟ್ಟಿನ ಝುಣಕ ಮಾಡುವ ಕೈ, ಗಂಟು ಬೀಳಲು ಬಿಡುವುದಿಲ್ಲ. "ಹುಂಜದ ಜುಟ್ಟು ಹೋಗಿ ಹುಳದ ಉಗುಳು ಬಂತೇನ್ರಿ ಮೇಡಂ? ಇದನ್ನ ಮಾರಿಗೆ ಹಚ್ಕೊಂಡು ಮೆರೀತಾರಲ್ರಿ ಮಂದಿ!" ಎಂದು ನಗುತ್ತಿದ್ದಳು.

ನಗುತ್ತಲೇ ಅವಳೂ ಹಚ್ಚಲು ಒಯ್ಯುತ್ತಿದ್ದಳು, ಅದೇ ತಲೆನೋವು. ಲೋಳೆ ತಿಳಿಯಾದ ಮೇಲೆ ಅದು ಕೆಡದಂತೆ ಪ್ರಿಸರ್ವೇಟಿವ್ ಹಾಕುತ್ತೇವೆ, ಆಮೇಲೆ ಸುವಾಸನೆ. ನಮ್ಮ ಹೆಂಗಸರಿಗೆ ಇವೆರಡೂ ಕೆಮಿಕಲ್. ಅವು ಬೀಳುವ ಮುಂಚೆಯೇ, ಯಾರ ಕಣ್ಣಿಗೂ ಬೀಳದಂತೆ, ನೀರಿನ ಬಾಟಲಿಗೆ ಒಂದಿಷ್ಟು ಹಿಡಿದಿಟ್ಟುಕೊಳ್ಳುತ್ತಾರೆಂಬ ಗುಮಾನಿ ನನಗಿತ್ತು. ಅವರ ಪಾಲಿಗೆ ಅದೇ ಅಪ್ಪಟ ಮಾಲು.

ನಾನು ಪ್ಲೇಟಿಗೆ ಹಾಕಿದ್ದೂ ಅದೇ ಹಂತದ ಮಾಲನ್ನು. ಸೋಮವಾರದ್ದು. ನೀರಿನ ಪೈಪಿನಲ್ಲೆಲ್ಲೋ ರೋಗಾಣು ಸೇರಿಕೊಂಡಿತ್ತು. ಟ್ಯಾಂಕನ್ನು ತಡೆಹಿಡಿಯಬಹುದು, ಮಾಲನ್ನು ನಾಶ ಮಾಡಬಹುದು. ಆದರೆ ಮನೆಗೆ ಹೋದ ಬಾಟಲಿ? ಇವತ್ತು ಗುರುವಾರ. ಯಾವುದೋ ಕಿಟಕಿಯ ಬಿಸಿಲಲ್ಲಿ ಅದು ಇಷ್ಟು ದಿನ ಹುಳುಗಳಿಗೆ ಹಬ್ಬದೂಟ ಹಾಕಿದೆ.

ಗಾಯವಿಲ್ಲದ ಚರ್ಮಕ್ಕೆ ಈ ರೋಗಾಣು ಅಷ್ಟೇನೂ ಮಾಡದು. ಗಾಯದೊಳಕ್ಕೆ ಇಳಿದರೆ ಮಾತ್ರ ಕತೆ ಬೇರೆ. ಆಗ ನೆನಪಾಯಿತು. ಬಸಕ್ಕನ ಮಗಳು ಭಾಗ್ಯಶ್ರೀಗೆ ಮುಂದಿನ ವಾರ ಮದುವೆ. ನಿನ್ನೆ ಟೀ ಕುಡಿಯುವಾಗ ಬಸಕ್ಕ ಹೇಳಿದ್ದಳು: "ನಾಳೆ ಮಧ್ಯಾಹ್ನ ದಾಸರಹಳ್ಳಿ ಪಾರ್ಲರ್‌ನ್ಯಾಗ ಅಕಿ ಮಾರಿಗೆ ಸೂಜಿ ರೋಲರ್ ಉರುಳಿಸ್ತಾರಂತ್ರಿ. ಅದರ ಮ್ಯಾಲ ಸೀರಂ ಹಚ್ಚಿದ್ರ ಒಳಗ ಇಳೀತೈತಂತ."

ಮೆಟ್ಟಿಲಿಳಿದು ಟ್ಯಾಂಕಿನ ಶೆಡ್ಡಿಗೆ ಓಡಿದೆ.

"ಸೋಮವಾರದ ಮಾಲು ಯಾರ್ ಯಾರ್ ಮನೆಗೆ ತಗೊಂಡೋಗಿದ್ದೀರಾ? ಈಗ್ಲೇ ಹೇಳಿ!"

ಎಲ್ಲರೂ ನೆಲ ನೋಡಿದರು. ನೋಡದೆ ಇನ್ನೇನು ಮಾಡಿಯಾರು? ಕ್ರೀಂ ಡಬ್ಬಿ ಒಯ್ದಳೆಂದು ಸಿದ್ದಕ್ಕನನ್ನು ಹೋದ ತಿಂಗಳಷ್ಟೇ ಗೇಟಿನಾಚೆ ಕಳಿಸಿದ್ದರು. ಹಿಡಿದುಕೊಟ್ಟವಳು ನಾನೇ. ಬಸಕ್ಕ ಗಂಬೂಟು ಎಳೆದುಕೊಂಡು ಕುಂಟುತ್ತ ಮುಂದೆ ಬಂದಳು. ಒಡೆದ ಹಿಮ್ಮಡಿಯೂ ಸಕ್ಕರೆ ಕಾಯಿಲೆಯೂ ಅವಳಿಗೆ ಹಳೆಯವು, ನಾನು ಗಮನ ಕೊಡಲಿಲ್ಲ.

"ನಾವ್ಯಾರೂ ಒಯ್ದಿಲ್ರಿ ಮೇಡಂ. ನಮ್ಮವ್ವನ ಆಣಿ."

"ಬಸಕ್ಕ, ಅದ್ರಲ್ಲಿ ಹುಳ ಇದೆ. ನಿನ್ನ ಮಗಳ ಮುಖಕ್ಕೆ..."

"ಒಯ್ದಿಲ್ಲಂದ್ರ ಒಯ್ದಿಲ್ರಿ."

ನನ್ನನ್ನು ಅವಳು ನಂಬಲಿಲ್ಲ. ಕಳ್ಳರನ್ನು ಹಿಡಿಯಲು ಮೇಡಂ ಹೊಸ ಕತೆ ಕಟ್ಟಿದ್ದಾಳೆ ಅಂದುಕೊಂಡಳು. ಗಲಾಟೆ ಕೇಳಿ ಮಾಲೀಕ ಮುನಿರಾಜು ಕೂಡ ಬಂದು ನಿಂತರು. ಈ ಶೆಡ್ಡಿನ ಜಾಗ ಅವರ ತಾತ ರಾಗಿ ಬೆಳೆಯುತ್ತಿದ್ದ ಹೊಲ. ಇಲ್ಲಿನ ಒಂದು ಕಡ್ಡಿ ಹೊರಗೆ ಹೋದರೂ ಅವರಿಗೆ ತಡೆಯದು.

"ಏನ್ ಗೌರಿ, ಮಾಲು ಹೊರಗೋಗಿದ್ಯಾ? ಯಾರು ಅಂತ ಹೇಳಮ್ಮ, ಇವತ್ತೇ ಲೆಕ್ಕ ಚುಕ್ತಾ ಮಾಡಿ ಕಳಿಸ್ತೀನಿ."

ಇದ್ದ ಒಂದು ದಾರಿಯೂ ಮುಚ್ಚಿತು. ಬಸಕ್ಕನ ತುಟಿ ಬಿಗಿಯಿತು. ಗೋಡೆ ಗಡಿಯಾರದಲ್ಲಿ ಹನ್ನೆರಡು ದಾಟಿತ್ತು. ನನಗೆ ಅಳು ಬರುವಷ್ಟು ಸಿಟ್ಟು ಬಂತು. ಅವರ ಮೇಲೆ, ಇವಳ ಮೇಲೆ, ನನ್ನ ಪೊಲೀಸ್‌ಗಿರಿಯ ಮೇಲೆ.

"ನಾನೇ ತಗೊಂಡೋಗಿದ್ದೆ ಸಾರ್," ಎಂದೆ. "ಮೂರು ದಿನದಿಂದ ಮುಖಕ್ಕೆ ಹಚ್ಕೊಂಡಿದ್ದೀನಿ. ಈಗ ನಂಗೇ ಭಯ ಆಗ್ತಿದೆ."

ಶುದ್ಧ ಸುಳ್ಳು. ನನ್ನ ಮುಖಕ್ಕೆ ತೆಂಗಿನೆಣ್ಣೆ ಬಿಟ್ಟು ಬೇರೆ ಗೊತ್ತಿಲ್ಲ. "ನೀನಾ?" ಎಂದರು ಮುನಿರಾಜು. ಬಸಕ್ಕ ನನ್ನ ಮುಖವನ್ನೇ ಒಂದು ಕ್ಷಣ ನೋಡಿ ಎದೆ ಬಡಿದುಕೊಂಡಳು.

"ಅಯ್ಯ ಯವ್ವಾ! ನಾನೂ ಒಯ್ದೀನ್ರಿ! ನನ್ನ ಮಗಳು... ಈಗ ಪಾರ್ಲರ್‌ನ್ಯಾಗ ಕುಂತಿರ್ತಾಳ್ರಿ!"

ಇನ್ನೊಬ್ಬಳು ತನ್ನ ಬಾಟಲಿ ಲಾಕರಿನಲ್ಲೇ ಇದೆಯೆಂದು ಅಳತೊಡಗಿದಳು. ಅದನ್ನು ಲ್ಯಾಬಿನಲ್ಲಿಡಲು ಹೇಳಿ ಆಟೋ ಹತ್ತಿದೆವು. ಬಸಕ್ಕ ಬೂಟನ್ನೂ ಬಿಚ್ಚಿರಲಿಲ್ಲ. ಭಾಗ್ಯಶ್ರೀಯ ಫೋನ್ ಬಡಿದುಕೊಳ್ಳುತ್ತಲೇ ಇತ್ತು, ಎತ್ತುವವರಿಲ್ಲ. ತುಮಕೂರು ರಸ್ತೆಯಲ್ಲಿ ಲಾರಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ತಲೆಯ ಮೇಲೆ ಮೆಟ್ರೋ ಒಂದಾದ ಮೇಲೊಂದು ಆರಾಮಾಗಿ ಹೋಗುತ್ತಿದ್ದರೆ ನನಗೆ ಅದರ ಮೇಲೂ ಉರಿ. "ಅಣ್ಣ, ಸಂದಿಯಲ್ಲಿ ನುಗ್ಗಿಸಿ," ಎಂದೆ. ಬಸಕ್ಕ ನಡುಗುತ್ತಿದ್ದಳು. ನನ್ನ ಕೈಗೆ ತಗುಲಿದ ಅವಳ ಕೈ ಬಿಸಿಯಾಗಿತ್ತು. ಹೆದರಿಕೆಗೆ ಹೀಗಾಗಿದೆ ಅಂದುಕೊಂಡೆ.

ಪಾರ್ಲರಿನ ಪರದೆ ಸರಿಸಿದಾಗ ಭಾಗ್ಯಶ್ರೀ ಕುರ್ಚಿಯಲ್ಲಿ ಒರಗಿದ್ದಳು. ಪಾರ್ಲರಿನಾಕೆಯ ಕೈಯಲ್ಲಿ ರೋಲರ್. ಹುಡುಗಿಯ ಕೆನ್ನೆ ಆಗಲೇ ಕೆಂಪಾಗಿತ್ತು.

"ನಿಲ್ಸಿ! ಆ ಬಾಟಲಿದು ಹಚ್ಚಿದ್ರಾ?"

"ಯಾವ ಬಾಟಲಿ ಮೇಡಂ? ನಾನು ನಮ್ಮದೇ ಸೀಲ್ ಇರೋದು ಹಾಕಿದ್ದು," ಎಂದಳು ಆಕೆ ಬೆಚ್ಚಿ.

ಬಸಕ್ಕ ಗೋಡೆ ಹಿಡಿದು ಕುಸಿದು ಕೂತಳು. "ನಮ್ಮಪ್ಪಾ, ಉಳಿಸಿದ್ಯೋ... ನಾ ಕೊಟ್ಟಿದ್ದು ಏನ್ ಮಾಡ್ದಿ ಭಾಗ್ಯಾ?"

ಮಗಳು ನನ್ನತ್ತ ನೋಡಿ ನಾಚಿದಳು. "ನಾ ಹಚ್ಕೊಂಡಿಲ್ಲವ್ವ. ಸೋಮವಾರದಿಂದ ನೀ ಉಂಡು ಮಲಗಿದ ಮ್ಯಾಲ ನಿನ್ನ ಹಿಮ್ಮಡಕ್ಕ ಹಚ್ಚಾಕತ್ತೀನಿ. ಬಿರುಕಿನ್ಯಾಗ ಚಲೋ ತುಂಬಿ ತುಂಬಿ. ಮದಿವ್ಯಾಗ ಬರಿಗಾಲಲ್ಲಿ ಓಡಾಡೋಕಿ ನೀನ ಅಲ್ಲ?"

ನಾನು ನೆಲಕ್ಕೆ ಕೂತು ಬಸಕ್ಕನ ಗಂಬೂಟು ಎಳೆದೆ. ಅದು ಸುಲಭಕ್ಕೆ ಬರಲಿಲ್ಲ. ಬಂದಾಗ, ಹಿಮ್ಮಡಿಯ ಬಿರುಕುಗಳಿಂದ ಹಸಿರು ಮಿಶ್ರಿತ ಕೀವು ಜಿನುಗುತ್ತಿತ್ತು. ಕೆಂಪು ಮೀನಖಂಡದ ತನಕ ಏರಿತ್ತು.

"ಬೂಟು ಕಚ್ಚೈತಿ ಅಂತ ತಿಳಿದಿದ್ನಿರಿ," ಎಂದಳು ಬಸಕ್ಕ. "ನೋವೇನಿಲ್ರಿ." ಸಕ್ಕರೆ ಕಾಯಿಲೆಯವರ ಪಾದಕ್ಕೆ ಎಷ್ಟೋ ಸಲ ನೋವೇ ತಿಳಿಯುವುದಿಲ್ಲ, ಅದೇ ಅಪಾಯ. ಇಷ್ಟು ಹೊತ್ತೂ ನನ್ನ ಕಣ್ಣೆದುರೇ ಕುಂಟುತ್ತಿದ್ದಳು, ನಾನು ಮಗಳ ಕೆನ್ನೆಯನ್ನೇ ನೆನೆಯುತ್ತಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರ್ ಗಾಯ ನೋಡಿ, ಯಾವ ರೋಗಾಣು ಎಂದು ನನ್ನಿಂದ ಕೇಳಿಕೊಂಡು, ತಕ್ಷಣ ಆಪರೇಷನ್ ಎಂದರು. ಕಾಲು ಉಳಿಸಲು ಪ್ರಯತ್ನ ಮಾಡುತ್ತೇವೆ ಎಂದರು, ಉಳಿಯುತ್ತದೆ ಎನ್ನಲಿಲ್ಲ. ಭಾಗ್ಯಶ್ರೀ ಕೆಂಪು ಕೆನ್ನೆಯ ಮೇಲೆ ಕಣ್ಣೀರು ಬಿದ್ದು ಉರಿದರೂ ಒರೆಸಿಕೊಳ್ಳದೆ ಅವ್ವನ ಕೈ ಹಿಡಿದು ನಿಂತಿದ್ದಳು.

ಸ್ಟ್ರೆಚರ್ ತಳ್ಳಲು ಹೊರಟಾಗ ಬಸಕ್ಕ ಡಾಕ್ಟರ ಕೋಟು ಹಿಡಿದು ನಿಲ್ಲಿಸಿದಳು.

"ಸಾಹೇಬ್ರ, ನಂದಿರ್ಲಿ. ಮೊದಲ ನಮ್ಮ ಮೇಡಂ ಮಾರಿ ನೋಡ್ರಿ. ಅವರೂ ಅದನ್ನ ಹಚ್ಕೊಂಡಾರ."