ಮನೆ ಸುತ್ತಿ ಬಂದವಳು

ಮೋಟುಜಡೆ ಹಿಂಬಾಗಿಲ ಚಿಲಕ ಸರಿಸಿ ಒಳಗೆ ಕಾಲಿಟ್ಟು, ಗೂಟದ ಮೇಲಿದ್ದ ಏಪ್ರನ್ನು ಎಳೆದು ಸೊಂಟಕ್ಕೆ ಬಿಗಿದುಕೊಂಡ ಮೇಲಷ್ಟೇ ಇವತ್ತು ತಾನು ಕೆಲಸಕ್ಕೆ ಬಂದದ್ದಲ್ಲ ಎಂಬುದು ಅವಳ ನೆನಪಿಗೆ ಬಂತು. ನಡುಮನೆಯ ಆಚೆ, ಮುಂದಿನ ಕೋಣೆಯಲ್ಲಿ, ಬನ್ನಕ್ಕ ಬಿಳಿ ಹೊದಿಕೆಯ ಕೆಳಗೆ ಮಲಗಿದ್ದಳು.

ಬನ್ನಕ್ಕ ಎಂಬುದು ಬೀದಿ ಇಟ್ಟ ಹೆಸರು, ಅವಳು ಸುಡುತ್ತಿದ್ದ ಬನ್ನಿನಿಂದ ಬಂದದ್ದು. ಮೋಟುಜಡೆ ಎಂಬುದು ಬನ್ನಕ್ಕನೇ ಇಟ್ಟದ್ದು, ಶಾಲೆಯ ಬೆಂಚಿನ ಮೇಲೆ. ಜಡೆ ಬೆಳೆಯಿತು, ನರೆಯಿತು, ಉದುರಿ ಬೆರಳುಗಾತ್ರವೂ ಆಯಿತು. ಹೆಸರು ಮಾತ್ರ ಉದುರಲಿಲ್ಲ.

ಏಪ್ರನ್ನು ಬಿಚ್ಚಬೇಕೆಂದು ಗಂಟಿಗೆ ಕೈ ಹಾಕಿದಳು. ಆಗ ಮೂಲೆಯ ದೊಡ್ಡ ಬೋಗುಣಿ ಕಣ್ಣಿಗೆ ಬಿತ್ತು. ಅದರ ಮೇಲೆ ಮುಚ್ಚಿದ ಒದ್ದೆ ಬಟ್ಟೆ ಗುಮ್ಮಟದ ಹಾಗೆ ಎದ್ದು ನಿಂತಿತ್ತು. ನಿನ್ನೆ ಸಂಜೆ ಬನ್ನಕ್ಕ ಕಲಸಿಟ್ಟ ಹಿಟ್ಟು. ರಾತ್ರಿಯೆಲ್ಲ ಮನೆಯವರು ಆಸ್ಪತ್ರೆಯಲ್ಲಿದ್ದರು, ಡಾಕ್ಟರು ತಲೆಯಾಡಿಸಿದರು, ಬೆಳಗಾಗುವ ಹೊತ್ತಿಗೆ ದೇಹ ಮನೆಗೆ ಬಂತು. ಹಿಟ್ಟಿಗೇನು ಗೊತ್ತು ಒಡತಿ ಹೋದದ್ದು? ಅದು ತನ್ನ ಪಾಡಿಗೆ ಉಬ್ಬಿ ಕಾಯುತ್ತಿತ್ತು.

ಬನ್ನಕ್ಕನ ಮಗಳು ಬಾಗಿಲ ಬಳಿ ಬಂದು ನಿಂತಳು. ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು, ಎಷ್ಟೋ ಸಾವು ನೋಡಿದವಳು. ಇವತ್ತು ಅವಳ ಕಣ್ಣೂ ಊದಿತ್ತು.

"ಚಿಕ್ಕಮ್ಮ, ಯಾವಾಗ ಬಂದ್ರಿ? ಮುಂದುಗಡೆ ಎಲ್ಲಾ ನಿಮ್ಮನ್ನ ಕೇಳ್ತಿದ್ದಾರೆ. ಬನ್ನಿ, ಅಮ್ಮನ್ನ ನೋಡಿ."

"ಬರ್ತೀನಿ ಮಗಳೇ. ಈ ಹಿಟ್ಟು..."

"ಅಯ್ಯೋ, ಚೆಲ್ಲಿಬಿಡಿ. ಈಗ ಯಾರಿಗೆ ಬೇಕು?"

"ಚೆಲ್ಲೋದಾ! ನಿಮ್ಮಮ್ಮ ಕೈಯಾರೆ ನಾದಿದ ಹಿಟ್ಟನ್ನ ಚೆಲ್ಲೋದಾ?"

ಮಗಳು ತಿರುಗಿ ಮುಂದಿನ ಕೋಣೆಗೆ ಹೋದಳು. ಮೋಟುಜಡೆ ತೋಳು ಮಡಿಚಿಕೊಂಡಳು. ಹಿಟ್ಟಿನ ಮೇಲೆ ಅವಳಿಗೆ ಪ್ರೀತಿ ಇತ್ತು, ಸುಳ್ಳಲ್ಲ. ಆದರೆ ಅವಳು ಅಲ್ಲೇ ನಿಂತದ್ದು ಅದಕ್ಕಲ್ಲ. ಮುಂಬಾಗಿಲಿಗೆ ಹೋಗಲು ಅವಳಿಗೆ ಕಾಲು ಬರುತ್ತಿರಲಿಲ್ಲ. ನಿನ್ನೆ ಸಂಜೆ ಅವಳು ಆ ಬಾಗಿಲಿಗೆ ಹೋಗಿರಲಿಲ್ಲ. ಇಷ್ಟು ವರ್ಷಗಳಲ್ಲಿ ಅದೇ ಮೊದಲು.

◆

ವರ್ಷಗಳ ಹಿಂದೆ, ಮೋಟುಜಡೆ ದುಡಿಯುತ್ತಿದ್ದ ಹೊಲಿಗೆ ಕಾರ್ಖಾನೆಗೆ ಬೀಗ ಬಿದ್ದ ಕಾಲ ಅದು. ಅವಳ ಕೈಯಲ್ಲಿ ಕೆಲಸವಿಲ್ಲ, ಮನೆಯಲ್ಲಿ ಆಸರೆಯಿಲ್ಲ. ಇತ್ತ ಬನ್ನಕ್ಕ ಹಿಂಬಾಗಿಲ ಬಳಿಯ ಸೌದೆಕೋಣೆಯನ್ನು ತೊಳೆದು ಬಳಿದು ಒಂದು ಓವನ್ನು ಇಟ್ಟುಕೊಂಡಿದ್ದಳು. ಮೊದಲು ನೆರೆಮನೆಗೆ ಒಂದು ಬ್ರೆಡ್ಡು, ಆಮೇಲೆ ಬೀದಿಗೆ, ಆಮೇಲೆ ಟೀ ಅಂಗಡಿಗೆ. ಎರಡು ಕೈಗೆ ಸಾಲದಷ್ಟು ಕೆಲಸವಾಯಿತು.

"ನನ್ನನ್ನ ಇಟ್ಕೊಳ್ಳೇ" ಎಂದು ಮೋಟುಜಡೆ ಕೇಳಿದಳು.

ಬನ್ನಕ್ಕ ಕೇಳಿಸದವಳ ಹಾಗೆ ಮೋಡದ ಬಗ್ಗೆ ಮಾತಾಡಿದಳು. ಮರುದಿನ ಕೇಳಿದರೆ ಮೊಣಕಾಲು ನೋವಿನ ಬಗ್ಗೆ. ಮೂರನೆಯ ಸಲ ಮೋಟುಜಡೆ ಎದ್ದು ನಿಂತಳು.

"ಬೇಡ ಅನ್ನೋದಾದ್ರೆ ಬೇಡ ಅನ್ನು. ಮೋಡ ನಾನೂ ನೋಡಿದ್ದೀನಿ."

"ಕೂತ್ಕೊಳ್ಳೇ. ಬೇಡ ಅಂತಲ್ಲ, ಹೆದರಿಕೆ" ಎಂದಳು ಬನ್ನಕ್ಕ. "ನಿನ್ನನ್ನ ಬೈಯೋಕೆ ನನಗಾಗಲ್ಲ. ಬೈಯದೆ ಬ್ರೆಡ್ಡಾಗಲ್ಲ. ಬ್ರೆಡ್ಡು ಕೆಟ್ರೆ ನಾಳೆ ಇನ್ನೊಂದು ಮಾಡಬಹುದು. ನೀನು ಕೆಟ್ರೆ ನಾನೆಲ್ಲಿ ಹುಡುಕ್ಲಿ?"

ಆಮೇಲೆ ಬನ್ನಕ್ಕನಿಗೆ ಹೊಳೆಯಿತು. ಹೊಳೆಸಿದವನು ದೇವರೇ ಇರಬೇಕು, ಅಂಥ ವಿಚಿತ್ರ ಉಪಾಯ ಮನುಷ್ಯರ ತಲೆಗೆ ಬರುವಂಥದ್ದಲ್ಲ.

"ನೋಡು, ಬೆಳಿಗ್ಗೆ ಹಿಂಬಾಗಿಲಿಂದ ಬಾ. ಆಗ ನಾನು ಒಡತಿ. ನಾನು ಬೈತೀನಿ, ನೀನು ಬೈಸ್ಕೋತೀಯ. ಕೆಲಸ ಮುಗಿದ್ಮೇಲೆ ಹಿಂಬಾಗಿಲಿಂದಲೇ ಹೊರಗೆ ಹೋಗು. ಮನೆ ಸುತ್ತಿ ಬಂದು ಮುಂಬಾಗಿಲು ತಟ್ಟು. ನಾನೇ ಬಂದು ತೆಗೀತೀನಿ. ಆಗ ನೀನು ಗೆಳತಿ. ಹಿಂದಿನ ಮಾತು ಮುಂದೆ ತರೋ ಹಾಗಿಲ್ಲ, ಮುಂದಿನ ಸಲಿಗೆ ಹಿಂದೆ ತೋರಿಸೋ ಹಾಗಿಲ್ಲ."

"ನಡುಮನೆ ದಾಟಿದ್ರೆ ನಾಲ್ಕು ಹೆಜ್ಜೆ. ಅದಕ್ಕೆ ಇಡೀ ಮನೆ ಸುತ್ತಬೇಕಾ?"

"ಸುತ್ತೋದ್ರಲ್ಲೇ ಸಿಟ್ಟು ಇಳಿಯೋದು ಕಣೆ, ದಡ್ಡಿ."

ಮೊದಲ ದಿನವೇ ಒಂದು ತಟ್ಟೆ ಬನ್ನು ಕರಿಹಿಡಿಯಿತು. ಬನ್ನಕ್ಕ ಬೈದಳು, ಅದೂ ಎಂಥ ಬೈಗುಳ! "ಕಣ್ಣು ಮನೇಲಿಟ್ಟು ಬಂದಿದ್ದೀಯಾ?" ಎಂದಳು. ಮೋಟುಜಡೆ ಹಲ್ಲುಕಚ್ಚಿ ಕೆಲಸ ಮುಗಿಸಿ, ಹಿಂಬಾಗಿಲಿಂದ ಹೊರಬಿದ್ದು, ನೀರಿನ ತೊಟ್ಟಿ ದಾಟಿ, ಪಕ್ಕದ ಮನೆಯ ಗೋಡೆಯ ಸಂದಿಯಲ್ಲಿ ಅಡ್ಡಡ್ಡ ನುಸುಳಿ, ಮುಂಬಾಗಿಲು ತಟ್ಟಿದಳು. ಬನ್ನಕ್ಕ ಬಾಗಿಲು ತೆಗೆದು, "ಬಾರೇ ಬಾ, ಎಷ್ಟು ದಿನ ಆಯ್ತು ನಿನ್ನ ನೋಡಿ!" ಎಂದಳು.

ಮೋಟುಜಡೆ ಕುರ್ಚಿಯಲ್ಲಿ ಕುಸಿದು ಕೂತಳು. "ಏನು ಹೇಳ್ಲಿ, ಹೊಸ ಕೆಲಸಕ್ಕೆ ಸೇರಿದ್ದೀನಿ. ನಮ್ಮ ಒಡತಿ ಇದ್ದಾಳಲ್ಲ, ರಾಕ್ಷಸಿ ಕಣೆ."

"ಅಯ್ಯೋ ಪಾಪ!" ಎಂದು ಬನ್ನಕ್ಕ ಟೀ ಲೋಟ ಅವಳ ಕೈಗಿಟ್ಟಳು. "ನನ್ನ ಕಥೆ ಕೇಳು. ಒಬ್ಬಳನ್ನ ಕೆಲಸಕ್ಕಿಟ್ಕೊಂಡಿದ್ದೀನಿ, ಮೊದಲ ದಿನವೇ ಮನೆ ಸುಡೋಕೆ ಹೊರಟಿದ್ಲು."

ಬಸ್ಸಿನ ಡ್ಯೂಟಿ ಮುಗಿಸಿ ಬಂದು ನಡುಮನೆಯಲ್ಲಿ ಉಣ್ಣುತ್ತಿದ್ದ ಬನ್ನಕ್ಕನ ಗಂಡನಿಗೆ ತುತ್ತು ನೆತ್ತಿಗೇರಿತು. "ಎರಡು ಹುಚ್ಚಿಯರ ಮಧ್ಯೆ ನಾನೊಬ್ಬ ಬಸ್‌ಸ್ಟಾಪು" ಎಂದು ಅವನು ಅಂದಿನಿಂದ ಹೇಳಿಕೊಂಡು ತಿರುಗಿದ.

◆

ಬೋಗುಣಿಯ ಹಿಟ್ಟನ್ನು ಮುಷ್ಟಿಯಿಂದ ಒತ್ತಿದಾಗ ಅದು ನಿಟ್ಟುಸಿರಿಟ್ಟು ಇಳಿಯಿತು. ಮೋಟುಜಡೆ ಅದನ್ನು ಹಲಗೆಯ ಮೇಲೆ ಹಾಕಿ ತುಂಡರಿಸತೊಡಗಿದಳು. ಗೋಡೆಯಾಚೆ, ಸಂದಿಯಲ್ಲಿ ನಿಂತ ಹೆಂಗಸರ ಮಾತು ಕಿಟಕಿಯಿಂದ ಒಳಬಂತು. ಒಬ್ಬಳು ಹಾಲಿನವಳು, ಇನ್ನೊಬ್ಬಳು ಎದುರುಮನೆಯ ಅಜ್ಜಿ.

"ಕಾಲಲ್ಲಿ ಚಪ್ಪಲಿ ಇತ್ತಂತೆ ಅಜ್ಜಿ. ಒಂದೇ ಕಾಲಲ್ಲಿ."

"ಎಲ್ಲಿಗೆ ಹೊರಟಿದ್ಲೋ ಪುಣ್ಯಾತ್ಗಿತ್ತಿ. ಆ ಹೊತ್ತಲ್ಲಿ ಅವಳು ಹೊರಗೆ ಹೋದದ್ದೇ ನಾನು ಕಂಡಿಲ್ಲ. ಮುಂಬಾಗಿಲಲ್ಲೇ ಕೂತಿರ್ತಿದ್ಲು, ಅವಳ ಗೆಳತಿ ಬರೋದನ್ನ ಕಾಯ್ತಾ."

"ಆಯಮ್ಮ ಗೆಳತಿಯೋ, ಕೆಲಸದವಳೋ? ನನಗಿನ್ನೂ ಅರ್ಥ ಆಗಿಲ್ಲ."

"ನಂಗೂ ಆಗಿಲ್ಲ ಬಿಡು. ಬನ್ನು ಮಾತ್ರ ಚೆನ್ನಾಗಿರ್ತಿತ್ತು."

ಮೋಟುಜಡೆಯ ಕೈ ಹಿಟ್ಟಿನಲ್ಲೇ ನಿಂತಿತು. ಬಾಗಿಲಲ್ಲಿ ಕಾದಿದ್ದಳು. ನಾನು ಹೋಗಲಿಲ್ಲ. ಕಾದು ಕಾದು ಹೋದಳು.

◆

ನಿನ್ನೆ ಮಧ್ಯಾಹ್ನ ಒಂದು ಹೋಟೆಲಿನವನು ಬಂದಿದ್ದ. ದಿನವೂ ಬೆಳಿಗ್ಗೆ ತನಗೆ ಬ್ರೆಡ್ಡು ಬೇಕು, ಈಗ ಮಾಡುವುದರ ಎರಡರಷ್ಟು. ಬನ್ನಕ್ಕ ಆಗ ಮಹಡಿಯ ಮೆಟ್ಟಿಲ ಮೇಲೆ ಎದೆ ಹಿಡಿದು ಕೂತಿದ್ದಳು; ಈಚೆಗೆ ಹಾಗೆ ಕೂರುವುದು ಹೆಚ್ಚಾಗಿತ್ತು. ಮೋಟುಜಡೆ ಹಿಂಬಾಗಿಲಲ್ಲೇ ಅವನಿಗೆ ಹೇಳಿದಳು: "ಆಗಲ್ಲ ಸ್ವಾಮಿ. ನಾವಿಬ್ರೂ ಮುದುಕಿಯರು." ಅವನು ಹೋದ. ಹೋಗುವಾಗ ಬೀದಿಯಲ್ಲಿ ಬನ್ನಕ್ಕನ ಗಂಡನ ಹತ್ತಿರ ಹೇಳಿ ಹೋದ. ಸಂಗತಿ ಬನ್ನಕ್ಕನ ಕಿವಿಗೆ ಬಿತ್ತು.

"ನನ್ನ ಗಿರಾಕಿಯನ್ನ ವಾಪಸ್ ಕಳಿಸೋಕೆ ನೀನ್ಯಾರೇ?" ಬನ್ನಕ್ಕನ ದನಿ ಓವನ್ನಿನ ಬಾಗಿಲು ತೆರೆದ ಹಾಗಿತ್ತು. "ಒಡತಿ ನಾನೋ ನೀನೋ?"

"ನಿನ್ನ ಮುಖ ನೋಡ್ಕೋ ಕನ್ನಡೀಲಿ. ಬೂದಿ ಬಣ್ಣ ಆಗಿದೆ."

"ಇದು ಮುಂಬಾಗಿಲ ಮಾತು. ಇಲ್ಲಿ ಆಡಬೇಡ."

"ಸಾಯೋದಕ್ಕೆ ಯಾವ ಬಾಗಿಲೇ? ನೀನು ಇಲ್ಲೇ ಬಿದ್ದು ಸತ್ರೆ ನಾನು ಮನೆ ಸುತ್ತಿ ಬಂದು ಅಳಬೇಕಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೋಟುಜಡೆ ಏಪ್ರನ್ನು ಗೂಟಕ್ಕೆ ಎಸೆದು ಹೊರಬಿದ್ದಳು. ತೊಟ್ಟಿಯ ಹತ್ತಿರ ಒಂದು ಕ್ಷಣ ನಿಂತಳು. ಎಡಕ್ಕೆ ತಿರುಗಿದರೆ ಮುಂಬಾಗಿಲು, ಬಲಕ್ಕೆ ಹೋದರೆ ತನ್ನ ಮನೆ. ನಾಳೆ ನೋಡಿಕೊಂಡರಾಯಿತು ಎಂದು ಬಲಕ್ಕೆ ಹೋದಳು.

◆

"ಇಲ್ಲಿದ್ದೀಯಾ?"

ಬನ್ನಕ್ಕನ ಗಂಡ ಹಿಟ್ಟಿನ ಮೂಟೆಯ ಮೇಲೆ ನಿಧಾನವಾಗಿ ಕೂತ. ನಿವೃತ್ತನಾಗಿ ವರ್ಷಗಳಾಗಿದ್ದರೂ ಕೂರುವಾಗ ಅವನ ಕೈ ಇಲ್ಲದ ಸ್ಟಿಯರಿಂಗನ್ನು ಹುಡುಕುತ್ತಿತ್ತು.

"ಭಾವ, ನಾನು ಮುಂದುಗಡೆ ಬರಲ್ಲ" ಎಂದಳು ಮೋಟುಜಡೆ, ತಲೆ ಎತ್ತದೆ. "ನಿನ್ನೆ ಬರಬೇಕಾಗಿದ್ದೋಳು ಬರಲಿಲ್ಲ. ಇವತ್ತು ಯಾವ ಮುಖ ಇಟ್ಕೊಂಡು ಬರ್ಲಿ? ಅವಳು ಬಾಗಿಲಲ್ಲಿ ನನ್ನ ದಾರಿ ಕಾಯ್ತಾ ಕಾಯ್ತಾ..."

"ಕಾಯ್ತಾ ಇರ್ಲಿಲ್ಲ."

ಅವಳು ತಲೆಯೆತ್ತಿದಳು.

"ಸ್ವಲ್ಪ ಹೊತ್ತು ಕಾದ್ಲು, ನಿಜ. ಆಮೇಲೆ ಒಳಗೆ ಹೋಗಿ ಧಡಧಡ ಹಿಟ್ಟು ಕಲಸಿದ್ಲು. ಆ ಬೋಗುಣಿಗೂ ಬೈದ್ಲು. ಕೈ ತೊಳ್ಕೊಂಡು ಬಂದು ಬೆಂಚಿನ ಮೇಲೆ ಕೂತು ಚಪ್ಪಲಿ ಹುಡುಕಿದ್ಲು. ಎಲ್ಲಿಗೆ ಅಂದೆ. 'ಅವಳ ಮನೆಗೆ. ಅವಳು ಮಾಡಿದ್ದು ಸರಿಯೇ ರೀ, ತಪ್ಪು ಬಾಗಿಲಲ್ಲಿ ನಿಂತು ಮಾಡಿದ್ಲು ಅಷ್ಟೇ' ಅಂದ್ಲು." ಅವನು ಅಂಗೈಯಿಂದ ಮುಖ ಒರೆಸಿಕೊಂಡ. "ಒಂದು ಚಪ್ಪಲಿ ಹಾಕ್ಕೊಂಡ್ಲು. 'ಇನ್ನೊಂದು ಸಮಸ್ಯೆ ಇದೆ' ಅಂದ್ಲು. 'ಏನೇ ಅದು' ಅಂದೆ. 'ಅವಳ ಮನೆಗೆ ಇರೋದೇ ಒಂದು ಬಾಗಿಲು. ಈಗ ನಾನು ಒಡತಿಯಾಗಿ ಹೋಗ್ಲೋ, ಗೆಳತಿಯಾಗಿ ಹೋಗ್ಲೋ?' ಅಂದ್ಲು."

ಮೋಟುಜಡೆಯ ಬಾಯಿಂದ ಒಂದು ಸದ್ದು ಬಂತು. ಅಳುವೋ ನಗುವೋ ಅವಳಿಗೇ ತಿಳಿಯಲಿಲ್ಲ.

"ಇಬ್ರೂ ನಕ್ವಿ ಕಣಮ್ಮ. ಜೋರಾಗಿ ನಕ್ವಿ. ನಗ್ತಾ ನಗ್ತಾನೇ ಇನ್ನೊಂದು ಚಪ್ಪಲಿಗೆ ಬಗ್ಗಿದ್ಲು. ಮತ್ತೆ ಏಳಲಿಲ್ಲ."

ಕೋಣೆಯಲ್ಲಿ ಹಿಟ್ಟಿನ ಹುಳಿವಾಸನೆ ತುಂಬಿತ್ತು. ಹೊರಗೆ ಯಾರೋ ಗಾಡಿ ಬಂತು ಎಂದರು.

"ಏಳಮ್ಮ. ಹೊರಡೋ ಹೊತ್ತಾಯ್ತು. ಮುಖ ನೋಡು ಬಾ" ಎಂದು ಅವನು ನಡುಮನೆಯ ಬಾಗಿಲನ್ನು ತೆರೆದು ಹಿಡಿದ.

ಮೋಟುಜಡೆ ತುಂಡರಿಸಿದ ಹಿಟ್ಟನ್ನು ಒಂದೊಂದಾಗಿ ಉರುಟು ಮಾಡಿ ತಟ್ಟೆಯಲ್ಲಿಟ್ಟಳು. ಮೇಲೆ ಬಟ್ಟೆ ಮುಚ್ಚಿದಳು. ಏಪ್ರನ್ನು ಬಿಚ್ಚಿ ಗೂಟಕ್ಕೆ ಹಾಕಿದಳು. ಆಮೇಲೆ, ತೆರೆದಿದ್ದ ನಡುಮನೆಯ ಬಾಗಿಲನ್ನು ಬಿಟ್ಟು, ಹಿಂಬಾಗಿಲಿಂದ ಹೊರಗೆ ಹೋದಳು.

ತೊಟ್ಟಿಯ ಹತ್ತಿರ ಅವಳು ಎಡಕ್ಕೆ ತಿರುಗಿದಳು. ಸಂದಿಯಲ್ಲಿದ್ದ ಹಾಲಿನವಳೂ ಅಜ್ಜಿಯೂ ಗೋಡೆಗೆ ಆತು ದಾರಿ ಬಿಟ್ಟರು. ಮುಂದಿನ ಅಂಗಳದ ಜನ ತಿರುಗಿ ನೋಡಿದರು. ಬಾಗಿಲು ಹಾರುಹೊಡೆದಿತ್ತು, ಸಾವಿನ ಮನೆಗೆ ಯಾರು ಬಾಗಿಲು ಹಾಕುತ್ತಾರೆ? ಆದರೂ ಅವಳು ಹೊಸ್ತಿಲಲ್ಲಿ ನಿಂತು ಬಾಗಿಲಿಗೆ ಮೆಲ್ಲಗೆ ತಟ್ಟಿದಳು.

ದೂರದ ಊರಿನಿಂದ ಬಂದ ನೆಂಟನೊಬ್ಬ, "ಯಾರಿದು?" ಎಂದು ಪಿಸುಗುಟ್ಟಿದ.

"ನಮ್ಮ ಮನೆಯವರು" ಎಂದಳು ಮಗಳು.

ಬನ್ನಕ್ಕನ ತುಟಿಯ ಅಂಚು ಒಂದಿಷ್ಟು ಮೇಲೆದ್ದಿತ್ತು. ಯಾವುದೋ ನಗೆಮಾತನ್ನು ಅರ್ಧಕ್ಕೆ ನಿಲ್ಲಿಸಿದ ಹಾಗೆ. ಮೋಟುಜಡೆ ಬಾಗಿ ಅವಳ ಕೆನ್ನೆ ಸವರಿದಳು. ಎಷ್ಟು ಕೊಟ್ಟೆ ದೇವರೇ, ಎಂದು ಅವಳ ಮನಸ್ಸು ಹೇಳಿತು. ಇನ್ನೇನನ್ನೂ ಕೇಳಲು ಅದಕ್ಕೆ ತೋಚಲಿಲ್ಲ. ಕೆನ್ನೆಯ ಮೇಲೆ ನಾಲ್ಕು ಬೆರಳಿನ ಬಿಳಿ ಗೆರೆ ಮೂಡಿತು. ಒರೆಸಲೆಂದು ಮಗಳು ಸೆರಗು ಎತ್ತಿದವಳು, ಎತ್ತಿದ ಕೈಯನ್ನು ಹಾಗೇ ಇಳಿಸಿದಳು. ಹಿಟ್ಟಿನ ಆ ಗೆರೆಯೊಡನೆಯೇ ಬನ್ನಕ್ಕ ಮನೆಯಿಂದ ಹೊರಟಳು.

◆

ಮಣ್ಣು ಮಾಡಿ ಮರಳಿದಾಗ ಬಿಸಿಲು ಇಳಿದಿತ್ತು. ಯಾರೂ ಬೆಳಗಿನಿಂದ ಏನನ್ನೂ ತಿಂದಿರಲಿಲ್ಲ. ಮೋಟುಜಡೆ ಓವನ್ನು ಹೊತ್ತಿಸಿದಳು. ಸ್ವಲ್ಪ ಹೊತ್ತಿಗೆ ವಾಸನೆ ನಡುಮನೆ ದಾಟಿ ಅಂಗಳಕ್ಕೆ ಬಂತು. ತಲೆ ತಗ್ಗಿಸಿ ಕೂತಿದ್ದವರು ಒಬ್ಬೊಬ್ಬರಾಗಿ ಮೂಗು ಎತ್ತಿದರು. ಮಗಳು ತಟ್ಟೆ ಹಿಡಿದು ನಡೆದಳು. ಮೋಟುಜಡೆ ಬಿಸಿ ಬನ್ನನ್ನು ಮುರಿದು ಮುರಿದು ಎಲ್ಲರ ಕೈಗೂ ಇಟ್ಟಳು.

ಮೊದಲು ಅಗಿದವನು ದೂರದ ನೆಂಟ. ಅಗಿಯುತ್ತಿದ್ದ ಬಾಯಿ ನಿಂತಿತು. ಪಕ್ಕದವನ ಮುಖ ನೋಡಿದ. ಪಕ್ಕದವನು ನೆಲ ನೋಡುತ್ತಿದ್ದ. ಹಾಲಿನವಳು ಕಣ್ಣು ಮುಚ್ಚಿ ನುಂಗಿದಳು. ಸತ್ತವಳ ಕೈಯಡುಗೆ, ಯಾರು ತಾನೇ ಬಾಯಿ ಬಿಟ್ಟು ಹೇಳುತ್ತಾರೆ?

ಮೋಟುಜಡೆ ಒಂದು ಚೂರು ಬಾಯಿಗೆ ಹಾಕಿಕೊಂಡಳು. ನಾಲಿಗೆ ಸುಟ್ಟ ಹಾಗಾಯಿತು. ಉಪ್ಪು! ಸಿಟ್ಟಿನ ಭರದಲ್ಲಿ ಬನ್ನಕ್ಕ ಒಂದು ಸಲ ಹಾಕಿ, ಹಾಕಿದ್ದು ಮರೆತು ಇನ್ನೊಂದು ಸಲ ಹಾಕಿದ್ದಳು. ಉಪ್ಪು ಹೆಚ್ಚಾದ ಹಿಟ್ಟು ತಡವಾಗಿ ಉಬ್ಬುತ್ತದೆ. ಅದಕ್ಕೇ ರಾತ್ರಿಯೆಲ್ಲ ಹುಳಿತು ಕುಸಿಯದೆ ಬೆಳಗಿನವರೆಗೆ ನಿಂತಿತ್ತು.

"ಅಯ್ಯೋ, ಯಾರೂ ತಿನ್ನಬೇಡಿ" ಎಂದು ಅವಳು ಕೂಗುವಷ್ಟರಲ್ಲಿ ಬನ್ನಕ್ಕನ ಗಂಡ ಖಾಲಿ ಕೈ ಚಾಚಿದ್ದ.

"ಇನ್ನೊಂದು ಚೂರು ಕೊಡಮ್ಮ."

"ಭಾವ, ಬರೀ ಉಪ್ಪು!"

"ಗೊತ್ತು. ಕೊಡು."

ಎದುರುಮನೆಯ ಅಜ್ಜಿಗೆ ತಡೆಯಲಾಗಲಿಲ್ಲ. "ಉಪ್ಪು ತಿಂದೋರು ನೀರು ಕುಡೀಲೇಬೇಕು. ಯಾರಾದ್ರೂ ಬಿಂದಿಗೆ ತನ್ರಪ್ಪಾ!" ಎಂದಳು. ಎಲ್ಲೋ ಒಬ್ಬರು ಕಿಸಕ್ಕೆಂದರು. ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು. ಅವಳ ಭುಜ ಕುಣಿಯುತ್ತಿತ್ತು. ಬಿಂದಿಗೆ ಬಂತು, ಲೋಟಗಳು ಬಂದವು, ಲೋಟ ಸಾಲದೆ ಬ್ರೆಡ್ಡಿನ ಅಚ್ಚುಗಳಲ್ಲೂ ನೀರು ತುಂಬಿದರು.

ಒಬ್ಬರೂ ತಟ್ಟೆಯಲ್ಲಿ ಚೂರು ಉಳಿಸಲಿಲ್ಲ. ಸಂಜೆಬೆಳಕಿನಲ್ಲಿ ಅಂಗಳದ ತುಂಬ ಜನ, ಮುಖವನ್ನು ಆಕಾಶಕ್ಕೆ ಎತ್ತಿ, ಕಣ್ಣು ಮುಚ್ಚಿ, ಗಟಗಟನೆ ನೀರು ಕುಡಿಯುತ್ತ ನಿಂತಿದ್ದರು.