ಕೆಂಪು ದಾರದ ಕಾಜಾ

ಕಾಲೇಜಿನವರ ಜೊತೆ ರಾಜಧಾನಿ ನೋಡಲು ಹೊರಟ ಹುಡುಗಿಗೆ ಅಮ್ಮ ಹೇಳಿದ್ದು ಒಂದೇ ಮಾತು: "ದೊಡ್ಡ ದೊಡ್ಡ ಕಟ್ಟಡ ಆಮೇಲೆ ನೋಡುವಿಯಂತೆ. ಮೊದಲು ಜನರ ಮುಖ ನೋಡು." ಯಾರ ಮುಖ ಅಂತ ಬಿಡಿಸಿ ಹೇಳಬೇಕೇ? ಎರಡು ವರ್ಷದ ಹಿಂದೆ ಇದೇ ಊರಿಗೆ ಓದಲು ಬಂದ ಅಣ್ಣ, ಪರೀಕ್ಷೆಯಲ್ಲಿ ನಪಾಸಾದ ಮೇಲೆ ಪತ್ತೆಯೇ ಇಲ್ಲ. ಫೋನೂ ಇಲ್ಲ, ಸುದ್ದಿಯೂ ಇಲ್ಲ.

ಬಸ್ಸಿಳಿದಳೋ ಇಲ್ಲವೋ, ಅಲ್ಲೇ ನಿಂತುಬಿಟ್ಟಳು. ಅಬ್ಬಬ್ಬಾ, ಅದೇನು ಜನ! ಗೆಳತಿಯರೆಲ್ಲ ಬಾಯಿ ಬಿಟ್ಟುಕೊಂಡು ಗೋಪುರ ನೋಡುತ್ತಿದ್ದರೆ ಇವಳ ಕಣ್ಣಿಗೆ ಎಲ್ಲೆಲ್ಲೂ ಅಣ್ಣನೇ. ಬಸ್ಸಿನ ಬಾಗಿಲಲ್ಲಿ ನೇತಾಡುವವನ ಬೆನ್ನು ಅವನದು, ಮೆಟ್ಟಿಲು ಹತ್ತುವವನ ನಡಿಗೆ ಅವನದು. ಹತ್ತಿರ ಹೋದರೆ ಯಾರೋ.

"ಏನೇ, ಗಂಡು ಹುಡುಕೋಕೆ ಬಂದಿದೀಯಾ?" ಗೆಳತಿಯೊಬ್ಬಳು ಕಾಲೆಳೆದಳು. ಪಾಪ, ಅವಳಿಗೇನು ಗೊತ್ತು.

ವಸ್ತುಸಂಗ್ರಹಾಲಯದಲ್ಲಿ ನಡುವಯಸ್ಸಿನವನೊಬ್ಬ ಏಣಿ ಹತ್ತಿ ಕಿಟಕಿಯ ಗಾಜು ಒರೆಸುತ್ತಿದ್ದ. ಅವನ ಅಂಗಿಯ ಅಂಚು ಇವಳ ಕಣ್ಣಿನ ಮಟ್ಟಕ್ಕೇ ಇತ್ತು. ನೀಲಿ ಅಂಗಿ. ಕೊನೆಯ ಗುಂಡಿ ತೂರಿಸುವ ಕಾಜಾ ಮಾತ್ರ ಕೆಂಪು ದಾರದ್ದು.

ಅವಳಪ್ಪ ದರ್ಜಿ. ಗಿರಾಕಿಗಳ ಬಟ್ಟೆಯಲ್ಲಿ ಮಕ್ಕಳ ಅಂಗಿ ಬೆರೆತುಹೋಗಬಾರದೆಂದು ಮನೆಯವರ ಅಂಗಿಗೆ ಕೊನೆಯ ಕಾಜಾ ಕೆಂಪು ದಾರದಲ್ಲೇ ಹೊಲಿಯುತ್ತಾನೆ. ಇನ್ನಾವ ದರ್ಜಿಗೂ ಈ ಹುಚ್ಚಿಲ್ಲ.

"ಅಂಕಲ್, ಈ ಅಂಗಿ ಎಲ್ಲಿ ಸಿಕ್ತು?"

ಅವನು ಮುಖ ಸಣ್ಣದು ಮಾಡಿಕೊಂಡು ಕೆಳಗಿಳಿದ. "ಕದ್ದಿದ್ದಲ್ಲಮ್ಮಾ. ಹೋದ ವರ್ಷ ಸೇತುವೆ ಕಟ್ಟೆ ಮೇಲೆ ಮಡಿಸಿ ಇಟ್ಟಿತ್ತು, ಪಕ್ಕದಲ್ಲಿ ಚಪ್ಪಲಿ. ಯಾರೋ ಈಜೋಕೆ ಇಳಿದಿರಬೇಕು ಅಂತ ಕಾದೆ. ಕತ್ತಲಾದರೂ ಯಾರೂ ಮೇಲೆ ಬರಲಿಲ್ಲ. ಪೊಲೀಸರಿಗೂ ಹೇಳಿದೆ, ಹುಡುಕಿದರು. ಏನೂ ಸಿಗಲಿಲ್ಲ. ಕೇಳೋರು ಯಾರೂ ಬರಲಿಲ್ಲ ಅಂತ ಅಂಗಿ ನಾನೇ ಇಟ್ಟುಕೊಂಡೆ."

"ಹೇಗೆ ಮಡಿಸಿತ್ತು?"

"ತೋಳು ಒಳಗೆ ಹಾಕಿ, ಕಾಲರ್ ಮೇಲೆ ಬರೋ ಹಾಗೆ. ಅಂಗಡೀಲಿ ಮಡಿಸ್ತಾರಲ್ಲ, ಹಾಗೆ."

ಹಾಗೆ ಮಡಿಸದಿದ್ದರೆ ಅಪ್ಪ ಅಣ್ಣ ತಂಗಿ ಇಬ್ಬರಿಗೂ ತಲೆಗೆ ಮೊಟಕುತ್ತಿದ್ದ.

"ನಿಮ್ಮವರದೇನಮ್ಮಾ? ತಗೋ," ಅಂತ ಅವನು ಅಲ್ಲೇ ಗುಂಡಿ ಬಿಚ್ಚತೊಡಗಿದ.

"ಬೇಡ. ನೀವೇ ಹಾಕ್ಕೊಳ್ಳಿ." ಆ ಕೆಂಪು ಕಾಜಾವನ್ನು ಒಮ್ಮೆ ಮುಟ್ಟಿ ಹೊರಟುಬಿಟ್ಟಳು. ಅಂಗಿ ಮನೆಗೆ ಒಯ್ದರೆ ಅಮ್ಮ ಉಳಿಯುವುದಿಲ್ಲ ಅನ್ನುವುದೊಂದೇ ಅವಳ ತಲೆಯಲ್ಲಿತ್ತು.

ಮನೆ ಹೊಸ್ತಿಲು ದಾಟುವ ಮುಂಚೆಯೇ ಅಮ್ಮ ಕೇಳಿದಳು: "ಸಿಕ್ಕಿದ್ನಾ?"

ಅಪ್ಪನ ಮೆಷಿನ್ನು ನಿಂತಿತು. ಅವನ ತೊಡೆಯ ಮೇಲೆ ಮಗನಿಗೆಂದು ಹೊಲಿದ ಹೊಸ ಅಂಗಿ. "ಹಳೇ ಅಳತೆಗೇ ಹೊಲಿದಿದೀನಿ. ಆಗುತ್ತೋ ಇಲ್ವೋ," ಅಂದ, ಮಗಳ ಮುಖ ನೋಡದೆ.

ಅವಳು ಹೊಸ ಅಂಗಿಯ ಅಂಚು ಹಿಡಿದು ನೋಡಿದಳು. "ಸ್ವಲ್ಪ ಸಡಿಲ ಬಿಡಪ್ಪಾ. ದೂರದಿಂದ ನೋಡಿದೆ, ದಪ್ಪ ಆಗಿದಾನೆ. ಕರೆಯೋಷ್ಟರಲ್ಲಿ ಬಸ್ ಹತ್ತಿಬಿಟ್ಟ."

ಅಪ್ಪ ನಗುತ್ತಾ ಪಕ್ಕದ ಹೊಲಿಗೆ ಬಿಚ್ಚತೊಡಗಿದ. ಅಮ್ಮ ಆಗಲೇ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು.

"ಯಾವ ಬಸ್ಸೇ ಅದು? ಎಲ್ಲಿಗೆ ಹೋಗೋದು?"